ದೊಡ್ಡದಾತು

ಮಾಲಾ ಹೋದ ಸುದ್ದಿ ಬಂದಾಗ ಚಿತ್ತಪ್ಪ ಮೇಷ್ಟ್ರು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದರು. ಬೆಳಗಿನ ಏಳೂವರೆ. ಪೂಜೆಗೆ ಕೂತಾಗ ಫೋನು ಮುಟ್ಟುವವರಲ್ಲ ಅವರು. ಕಿಟಕಿಯ ಕಟ್ಟೆಯ ಮೇಲಿದ್ದ ಫೋನು ಗುರ್ರೆನ್ನುತ್ತ ತನ್ನಷ್ಟಕ್ಕೆ ಸರಿದು ಸರಿದು ಅಂಚಿಗೆ ಬಂದು ಕೆಳಗೆ ಬಿತ್ತು. ಬಿದ್ದಲ್ಲೇ ಮತ್ತೆ ಗುರ್ರೆಂದಿತು. ಗಾಜಿನ ಮೇಲೆ, ದಾವಣಗೆರೆಯ ಆಸ್ಪತ್ರೆಯಲ್ಲಿ ತಂಗಿಯನ್ನು ಕಾಯುತ್ತಿದ್ದ ಮಗ ಗುರುಬಸವರಾಜನ ಹೆಸರು. ಅದೇ ಹೊತ್ತಿಗೆ ಸಾಸ್ವೆಹಳ್ಳಿಯ ಆ ಬೀದಿಯಲ್ಲಿ ಯಾರೋ ಹೋರಿ ಬೆದರಿಸುವ ಹಬ್ಬಕ್ಕೆಂದು ಸಾಕಿದ್ದ ಹೋರಿಯನ್ನು ಹೊರಗೆ ಹಿಡಿದು ತಂದು, ಅದು ಸದ್ದಿಗೆ ಪಳಗಲೆಂದು ಕಾಲ ಬಳಿ ಸರಪಟಾಕಿ ಹಚ್ಚಿದರು. ಒಂದೊಂದು ಸದ್ದೂ ಕಿವಿಯೊಳಗೆ ಮೊಳೆ ಹೊಡೆದ ಹಾಗೆ. ಅಡುಗೆ ಮನೆಯಿಂದ ಓಡಿ ಬಂದ ಹೆಂಡತಿ ನಿರ್ಮಲಮ್ಮ ಫೋನು ಎತ್ತಿ ಕಿವಿಗಿಟ್ಟು, “ಏನು? ಏನಂದೆಪ್ಪಾ? ಕೇಳಿಸವಲ್ದು, ಜೋರಾಗಿ ಹೇಳು” ಎಂದಳು. ಮಗ ಜೋರಾಗಿ ಹೇಳಿರಬೇಕು. “ಏನು?” ಎಂದಳು ಮತ್ತೆ. ಮೂರು ಸಲ ಕೇಳಿದಳು, ಮೂರು ಸಲ ಅವನು ಹೇಳಿದ. ಮೂರನೆಯ ಸಲಕ್ಕೆ ಅವಳ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಅದರಿಂದ ಬಂದ ಕೂಗು ಪಟಾಕಿಯ ಸದ್ದಿನಲ್ಲಿ ಕೇಳಿಸಲೇ ಇಲ್ಲ. ಮೇಷ್ಟ್ರಿಗೆ ಕಂಡದ್ದು ಬಾಯಿ ಮಾತ್ರ.

ಅವರು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡರು. ಬಾಗಿಲ ಹಿಂದಿದ್ದ ಬಿದಿರ ಕೋಲು ಕೈಗೆ ಬಂತು. ಬೀದಿಗಿಳಿದು, ಹೊಗೆಯೊಳಗೆ ನಡೆದು, ಮೂಗುದಾಣ ಹಿಡಿದು ನಗುತ್ತಿದ್ದವನ ಮುಂಗೈ ಮೇಲೆ ಬೀಸಿ ಹೊಡೆದರು. ಮೂಳೆಗೆ ಕೋಲು ತಾಗಿದ ಸದ್ದು ಕೇಳಿಸಿತು. ಕೇಳಿಸಿದಾಗ ಎದೆಗೆ ಹಿತವಾಯಿತು. ಆ ಹಿತಕ್ಕೆ ಅವರೇ ಬೆಚ್ಚಿದರು, ಆದರೂ ಇನ್ನೊಂದು ಹೊಡೆದರು. “ಮೇಷ್ಟ್ರೆ, ತಲೆ ಕೆಟ್ಟೈತೇನ್ರೀ ನಿಮಗೆ? ಕೈ ಮುರಿದ್ರಲ್ರೀ!” ಎಂದು ಅವನು ಕೂಗಿದ. ಮೇಷ್ಟ್ರ ಮನೆ ಬಾಗಿಲಿನಿಂದ ಓಡಿ ಬಂದ ಯಾರೋ ಅವನ ಅಂಗಿ ಜಗ್ಗಿ, “ಸುಮ್ನಿರೋ, ಮಗಳು ಹೋದ್ಲಂತೆ, ಈಗ ಸುದ್ದಿ ಬಂದೈತೆ” ಎಂದ. ಎಲ್ಲರೂ ಸುಮ್ಮನಾದರು. ಸರದಲ್ಲಿ ಉಳಿದಿದ್ದ ನಾಲ್ಕಾರು ಪಟಾಕಿಗಳಿಗೆ ಮಾತ್ರ ಸುಮ್ಮನಾಗುವುದು ಗೊತ್ತಿರಲಿಲ್ಲ. ಹೋರಿ ತನ್ನ ಬಿಳಿ ಕಣ್ಣು ತಿರುಗಿಸಿ ಮೇಷ್ಟ್ರನ್ನು ನೋಡಿತು. ಹೊಡೆಸಿಕೊಂಡವನು ಮುಂಗೈ ಒತ್ತಿಕೊಂಡೇ ಚಪ್ಪಲಿ ಬಿಟ್ಟು ನಿಂತು ಕೈಮುಗಿದ. ಹೊಡೆದದ್ದಕ್ಕೆ ಯಾರಾದರೂ ತಿರುಗಿ ಹೊಡೆದಿದ್ದರೆ ಚೆನ್ನಾಗಿತ್ತು.

ಆ ಕೋಲು ಶಾಲೆಯದು. ಆರಡಿ ಬಿದಿರು, ತುದಿಯಲ್ಲಿ ಊದುಬತ್ತಿ ಸಿಕ್ಕಿಸಲು ದಾರ ಸುತ್ತಿದ ಗಂಟು. ಮೂವತ್ತೊಂದು ವರ್ಷ, ದೀಪಾವಳಿ ರಜೆಗೆ ಮುಂಚಿನ ಶನಿವಾರ, ಅವರು ಮಕ್ಕಳನ್ನು ಅಂಗಳದಲ್ಲಿ ಕೂರಿಸಿ ಆ ಕೋಲು ತೋರಿಸಿ ಹೇಳುತ್ತಿದ್ದರು: ಪಟಾಕಿಗೆ ಮುಖ ತರಬೇಡಿ, ಕೋಲಿನಿಂದ ಹಚ್ಚಿ. ಹತ್ತಿ ಬಟ್ಟೆ ಹಾಕಿಕೊಳ್ಳಿ, ಕಾಲಿಗೆ ಚಪ್ಪಲಿ ಇರಲಿ, ಕೂದಲು ಕಟ್ಟಿಕೊಳ್ಳಿ. ಒಂದು ಬಕೆಟ್ ನೀರು, ಒಂದು ಬುಟ್ಟಿ ಮರಳು ಪಕ್ಕದಲ್ಲಿರಲಿ. ಹಚ್ಚಿದ್ದು ಸಿಡಿಯದೆ ಠುಸ್ಸೆಂದರೆ ನೂರು ಎಣಿಸಿ, ಆಮೇಲೆ ದೂರದಿಂದ ನೀರು ಹಾಕಿ. ಮಕ್ಕಳು ಹಿಂದಿನಿಂದ ಅವರನ್ನು ಬಕೆಟ್ ಮೇಷ್ಟ್ರು ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಒಳಗೊಳಗೆ ಹೆಮ್ಮೆಯೂ ಇತ್ತು. ಆ ಮಕ್ಕಳಲ್ಲಿ ಒಬ್ಬರ ಬೆರಳೂ ಹೋಗಿರಲಿಲ್ಲ. ಈ ಬಲಿಪಾಡ್ಯಮಿಯ ಸಂಜೆಯೂ ಎಲ್ಲ ಇತ್ತು. ಬಾಗಿಲ ಮುಂದೆ ಹಬ್ಬಕ್ಕೆಂದು ಸಗಣಿಯಲ್ಲಿ ಮಾಡಿದ ಹಟ್ಟೆವ್ವನ ಬೊಂಬೆಗೆ ಚೆಂಡು ಹೂವು ಮುಡಿಸಿ ಎಡೆ ಹಿಡಿದಾಗಿತ್ತು. ಗೋವಿನಕೋವಿಯ ಗಂಡನ ಮನೆಯಿಂದ ತವರಿಗೆ ಬಂದಿದ್ದ ಮಾಲಾ ಹತ್ತಿ ಸೀರೆಯುಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಲಿಯ ಮೇಲೆ ನೆಟ್ಟಗೆ ನಿಂತು, “ಅಪ್ಪಾಜಿ, ಪರೀಕ್ಷೆ ಮಾಡ್ರಿ. ಹತ್ತಕ್ಕೆ ಎಷ್ಟು?” ಎಂದಿದ್ದಳು. “ಒಂಬತ್ತು. ಕೂದಲು ಬಿಟ್ಟೀಯಲ್ಲ.” “ಮೂವತ್ತೈದು ವರ್ಷ ಆತು, ಒಂದ್ಸಲನೂ ಹತ್ತು ಕೊಡಲಿಲ್ಲ ಈ ಮೇಷ್ಟ್ರು” ಎಂದು ನಗುತ್ತ ಅವಳು ಕೂದಲು ಗಂಟು ಹಾಕಿಕೊಂಡಳು. ಹಿಂಗತ್ತಿನ ಮೇಲೆ ಬೆವರಿನ ಎರಡು ಹನಿ. ಅದನ್ನು ಅವರು ನೋಡಿದ್ದರು. ನೋಡಿದ್ದೆಲ್ಲ ಈಗ ಕಣ್ಣಿಗೆ ಚುಚ್ಚಿಕೊಂಡು ಕೂತಿದೆ.

ಗುರುಬಸವರಾಜ ಮಣ್ಣಿನ ಹೂಕುಂಡವನ್ನು ಬೀದಿಯ ನಡುವೆ ಇಟ್ಟು, ಕೋಲಿನಿಂದ ಹಚ್ಚಿ ಹಿಂದೆ ಸರಿದ. ಅದು ಎರಡು ಕಿಡಿ ಉಗುಳಿ ಸುಮ್ಮನಾಯಿತು. “ಠುಸ್!” ಎಂದ ಅವನು. ಮಾಲಾ ಚಿಕ್ಕವಳಿದ್ದಾಗಿನ ರಾಗದಲ್ಲೇ ಜೋರಾಗಿ ಎಣಿಸತೊಡಗಿದಳು, ಒಂದು, ಎರಡು, ಮೂರು. ಸೊಸೆ ವಾಣಿಶ್ರೀ ಬೀದಿಯ ಆಚೆ ಬದಿಯಲ್ಲಿ, ಎದುರು ಮನೆಯ ಗೋಡೆಗೆ ಒರಗಿ ನಿಂತಿದ್ದಳು. ಕುಂಡದ ಆ ಮಗ್ಗುಲು ಅವಳಿಗೆ ಮಾತ್ರ ಕಾಣುತ್ತಿತ್ತು. ನಲವತ್ತೊಂದು ಎಂದಾಗ ವಾಣಿಶ್ರೀ ಕೈ ಬೀಸುತ್ತ ಕೂಗಿದಳು: “ದೊಡ್ಡದಾತು! ದೊಡ್ಡದಾತು!”

ಆ ಮನೆಯಲ್ಲಿ ಆ ಮಾತಿಗೆ ಒಂದೇ ಅರ್ಥ. ಹಿರಿಯರ ಕಾಲದಿಂದಲೂ ಅಲ್ಲಿ ದೀಪ ಆರಿತು ಅನ್ನುವಂತಿಲ್ಲ. ಅದು ಕೆಟ್ಟ ಮಾತು, ಮನೆಯ ಬೆಳಕನ್ನು ಬಾಯಿಂದ ಊದಿದ ಹಾಗೆ. ದೀಪ ದೊಡ್ಡದಾಯಿತು ಅನ್ನಬೇಕು. ಬತ್ತಿ ಕರಕಾಗಿ ಹೊಗೆಯಾಡುತ್ತಿದ್ದರೂ ದೊಡ್ಡದಾಯಿತು. ಒಲೆ ತಣ್ಣಗಾದರೂ ದೊಡ್ಡದಾಯಿತು. ಚಿತ್ತಪ್ಪನವರು ಈ ಪದ್ಧತಿಯನ್ನು ಲಿಂಗಪೂಜೆಯಷ್ಟೇ ಬಿಗಿಯಾಗಿ ಹಿಡಿದು ಬಂದವರು. ಮಾಲಾ ಏಳು ವರ್ಷದವಳಿದ್ದಾಗ ಒಂದು ಕಾರ್ತಿಕ ಸೋಮವಾರ, ಗಾಳಿಗೆ ದೇವರ ಮನೆಯ ದೀಪ ಹೋಗಿ, “ಅಪ್ಪಾಜಿ, ದೀಪ ಆರೋತು” ಎಂದು ಕೂಗಿಕೊಂಡು ಬಂದಿದ್ದಳು. ಅವರು ಕೆನ್ನೆಗೆ ಹೊಡೆದರು. ಕೈ ಕೆನ್ನೆಗೆ ಬೀಳದೆ ಕಿವಿಗೆ ಬಿತ್ತು. ಮೂರು ದಿನ ಅವಳು ಆ ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಓಡಾಡಿದಳು. ಒಳಗೆ ಜೀರುಂಡೆ ಕೂತೈತೆ ಅನ್ನುತ್ತಿದ್ದಳು. ಮುಂದೆ ಜೀವಮಾನದಲ್ಲಿ ಒಮ್ಮೆಯೂ ಆ ಮಾತು ಅವಳ ಬಾಯಲ್ಲಿ ಬರಲಿಲ್ಲ. ಕರೆಂಟು ಹೋದರೂ ದೊಡ್ಡದಾತು ಅನ್ನುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ಮೇಷ್ಟ್ರಿಗೆ ತಾವು ಕಲಿಸಿದ ಪಾಠ ನಿಂತಿತು ಎಂಬ ಸಮಾಧಾನ.

ಆ ಸಂಜೆ ಅವರ ಕಿವಿಗೂ ಅದೇ ಅರ್ಥ ಬಿತ್ತು. ಸೊಸೆ ಕೊನೆಗೂ ಈ ಮನೆಯ ಮಾತು ಕಲಿತಳಲ್ಲ ಎಂದು ಅವರಿಗೆ ಸಂತೋಷವೇ ಆಯಿತು. ಹೌದು, ಸಂತೋಷ. ಅದರ ಭರದಲ್ಲಿ, “ಎಣಿಸಿದ್ದು ಸಾಕು, ದೊಡ್ಡದಾತಂತೆ. ಹೋಗಿ ನೀರು ಹಾಕವ್ವ” ಎಂದರು. ಮಾಲಾ ಬಕೆಟ್ಟನ್ನೇ ಎತ್ತಿಕೊಂಡು ಹೋದಳು. ದೂರದಿಂದ ಹಾಕಬೇಕಾದ ನೀರು ಬಕೆಟ್ಟಿನ ಭಾರಕ್ಕೆ ದೂರ ಹೋಗುವುದಿಲ್ಲವೆಂದು ಹತ್ತಿರ ಹೋದಳು, ಬಾಗಿದಳು. ವಾಣಿಶ್ರೀ ಎರಡೂ ಕೈ ಮೇಲೆತ್ತಿ ಕಿರುಚುತ್ತ ಓಡಿ ಬರುತ್ತಿದ್ದಳು. ಬುಡದಲ್ಲಿ ಸೀಳು ಬಿಟ್ಟು, ಆ ಸೀಳಿನಿಂದ ಬೆಂಕಿ ನೆಲದ ಮೇಲೆ ತೆವಳಿ ತೆವಳಿ ದೊಡ್ಡದಾಗಿದ್ದ ಹೂಕುಂಡ ಒಡೆಯಿತು. ಬೆಳಕು ಮೊದಲು. ಬೆಳಕಿನೊಳಗೆ ಮಗಳು ಬಾಗಿ ನಿಂತದ್ದು, ಕಪ್ಪಗೆ. ಆಮೇಲೆ ಸದ್ದು. ಆಮೇಲೆ ಬೆಂಕಿ ಹಿಡಿದ ಹತ್ತಿ ಸೀರೆ, ಕತ್ತಿಗೆ ಕೈ ಒತ್ತಿಕೊಂಡು ಬೆರಳ ಸಂದಿಯಿಂದ ರಕ್ತ ಚಿಮ್ಮಿಸುತ್ತ ಇದ್ದಲ್ಲೇ ಸುತ್ತುತ್ತಿರುವ ಒಂದು ಆಕಾರ. ಬಕೆಟ್ಟು ಉರುಳಿ ನೀರೆಲ್ಲ ಹಟ್ಟೆವ್ವನ ಬುಡಕ್ಕೆ ಹರಿದಿತ್ತು. ಮೇಷ್ಟ್ರು ಮರಳಿನ ಬುಟ್ಟಿ ಎತ್ತಿ ಮಗಳ ಮೇಲೆ ಸುರಿದರು. ಕೈಯಿಂದ ಬಾಚಿ ಬಾಚಿ ಎರಚಿದರು, ಮುಖಕ್ಕೆ, ಎದೆಗೆ, ತೆರೆದ ಬಾಯಿಗೆ.

“ಮರಳು ಹಾಕಿದ್ದು ಯಾರ್ರೀ?” ಎಂದು ಆಸ್ಪತ್ರೆಯ ಡಾಕ್ಟರ್ ಹೊರಗೆ ಬಂದು ಕೇಳಿದ್ದ. ಮಾಲಾಳಿಗಿಂತ ಚಿಕ್ಕವನಿರಬೇಕು. “ಮನುಷ್ಯರ ಮೇಲೆ ಮರಳು ಹಾಕ್ತಾರೇನ್ರೀ? ಕಂಬಳಿ ಸುತ್ತಿ ನೆಲಕ್ಕೆ ಹೊರಳಿಸ್ಬೇಕಿತ್ತು. ಆಮೇಲೆ ನೀರು, ಬರೀ ತಣ್ಣೀರು.” ಕಂಬಳಿ. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಅವರು ಮಕ್ಕಳಿಗೆ ಕಂಬಳಿ ಎಂದಿರಲಿಲ್ಲ. ಒಳಗೆ ನರ್ಸು ಚಿಮಟದಿಂದ ಒಂದೊಂದೇ ಹರಳು ಆರಿಸಿ ಬಟ್ಟಲಿಗೆ ಹಾಕುತ್ತಿದ್ದಳು. ಹಾಕಿದಾಗಲೆಲ್ಲ ಸಣ್ಣ ಸದ್ದು. ತುಂಗಭದ್ರೆಯ ಮರಳು. ಅವರೇ ಜರಡಿ ಹಿಡಿದು ಇಟ್ಟಿದ್ದು.

ಮಾರನೆಯ ದಿನ ಹೇಳಿಕೆ ಬರೆದುಕೊಳ್ಳಲು ಆಸ್ಪತ್ರೆಗೆ ಬಂದ ಪೊಲೀಸಿನವನು ಅವರ ಕಾಲು ಮುಟ್ಟಿದ. “ಸಾರ್, ನಾನು ನಿಮ್ಮ ಶಿಷ್ಯ. ಆ ಬಕೆಟ್ ಪಾಠ ಇನ್ನೂ ನೆನಪೈತೆ ನೋಡ್ರಿ. ನಿಮ್ಮ ಮನೇಲೇ ಹಿಂಗಾಗಬೇಕಾ?” ಎಂದ. ಮನಸ್ಸಿನಲ್ಲಿ ಕರುಣೆ ಇಟ್ಟುಕೊಂಡೇ ಹೇಳಿದ. ಅದು ಕೆನ್ನೆಗೆ ಹೊಡೆದ ಹಾಗಾಯಿತು. “ನೀವೇ ಬರೆದುಬಿಡ್ರಿ ಸಾರ್, ನಿಮ್ಮ ಅಕ್ಷರ ಮುತ್ತಿನಂಗೆ.” ಮೇಷ್ಟ್ರು ಬೆಂಚಿನ ಮೇಲೆ ಕೂತು ಬರೆದರು. ಹೂಕುಂಡ ಸಿಡಿಯದಿದ್ದಾಗ, ಎಂದು ಬರೆದರು. ನನ್ನ ಸೊಸೆ ವಾಣಿಶ್ರೀಯು, ಎಂದು ಬರೆದರು. ಪೆನ್ನು ನಿಂತಿತು. ದೊಡ್ಡದಾಯಿತು ಎಂದು ಬರೆದರೆ ಪೊಲೀಸಿನವನಿಗೆ ಅರ್ಥವಾಗುವುದಿಲ್ಲ. ದೊಡ್ಡದಾಗಿದ್ದರೆ ಹತ್ತಿರ ಯಾಕೆ ಕಳಿಸಿದಿರಿ ಸಾರ್ ಅನ್ನುತ್ತಾನೆ. ಆಗಲೇ, ಆ ಬೆಂಚಿನ ಮೇಲೇ, ಅವರಿಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಸೊಸೆ ಈ ಮನೆಯ ಮಾತು ಆಡಿರಲಿಲ್ಲ, ತನ್ನ ಮಾತು ಆಡಿದ್ದಳು. ಕಣ್ಣಿಗೆ ಕಂಡದ್ದನ್ನು ಕೂಗಿದ್ದಳು. ತಿಳಿದ ಮೇಲೆ ಕೈ ತಾನಾಗಿಯೇ ಬರೆಯಿತು: ‘ಆರಿದೆ ಎಂದು ಹೇಳಿದ್ದರಿಂದ ನನ್ನ ಮಗಳು ನೀರು ಹಾಕಲು ಹೋಗಿ.’ ಎಪ್ಪತ್ತು ವರ್ಷ ಬಾಯಿಗೆ ತಾರದ ಮಾತು ಮುತ್ತಿನಂಥ ಅಕ್ಷರದಲ್ಲಿ ಕಾಗದದ ಮೇಲೆ ಕೂತಿತ್ತು. ಹೋಗಿ ನೀರು ಹಾಕವ್ವ ಎಂದವರ ಸುದ್ದಿ ಅದರಲ್ಲಿ ಇರಲಿಲ್ಲ. ಸಾಕ್ಷಿಯೆಂದು ಸಹಿ ಮಾಡಲು ಗುರುಬಸವರಾಜ ಅದನ್ನು ಓದಿದ. ಎರಡು ಸಲ ಓದಿದ.

ವಾಣಿಶ್ರೀ ಜಗಳೂರು ಕಡೆಯವಳು. ಅವಳ ತವರಿನಲ್ಲಿ ಆರಿದ್ದಕ್ಕೆ ಆರಿತು ಅನ್ನುತ್ತಾರೆ, ಹತ್ತಿದ್ದಕ್ಕೆ ಹತ್ತಿತು ಅನ್ನುತ್ತಾರೆ. ಮದುವೆಯಾಗಿ ಬಂದ ಮೊದಲ ದೀಪಾವಳಿಗೆ ನೆಂಟರು ತುಂಬಿದ ಮನೆಯಲ್ಲಿ ಆರತಿ ತಟ್ಟೆ ಹಿಡಿದು ಬಂದವಳು, “ಮಾವಾರೆ, ಒಂದು ದೀಪ ಆರೋತು, ಹಚ್ಕೊಂಡು ಬರ್ತೀನಿ” ಎಂದಿದ್ದಳು. ಮೇಷ್ಟ್ರು ಸೊಸೆಯ ಮೇಲೆ ಕೈ ಮಾಡಲಿಲ್ಲ. ತಟ್ಟೆ ಕಸಿದುಕೊಂಡು, “ನಲ್ಲಿ ಹತ್ರ ಹೋಗಿ ಬಾಯಿ ತೊಳ್ಕೊಂಡು ಬಾರಮ್ಮ” ಎಂದರು. ತೊಳೆದು ಬಂದವಳನ್ನು ಎಲ್ಲರ ಎದುರು ನಿಲ್ಲಿಸಿ, ದೀಪ ದೊಡ್ಡದಾಯಿತು ಎಂದು ಹತ್ತು ಸಲ ಹೇಳಿಸಿದರು. ಅವಳ ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಏಳನೆಯ ಸಲಕ್ಕೆ ಯಾರೋ ನಕ್ಕರು. ಅಂದಿನಿಂದ ಆರು ವರ್ಷ ಅವಳು ಮಾವನ ಎದುರಿಗೆ ದೀಪದ ಮಾತೇ ಎತ್ತಿರಲಿಲ್ಲ. ಎಣ್ಣೆ ಮುಗಿದರೆ ಸುಮ್ಮನೆ ತಂದು ಹಾಕುತ್ತಿದ್ದಳು.

ಮಾಲಾಳನ್ನು ಗೋವಿನಕೋವಿಯಲ್ಲಿ, ಗಂಡನ ಹೊಲದ ಬದುವಿನ ಬಳಿ ಮಣ್ಣು ಮಾಡಿದರು. ಕೂರಿಸಿ ಮಣ್ಣು ಕೊಡುವುದು ಪದ್ಧತಿ. ಸುತ್ತಿದ ಬಟ್ಟೆಯೊಳಗೆ ಅವಳು ಕೂರಲಿಲ್ಲ. ಕಾಲು ಮಡಚಲು ಹೋದವರು ಕೈ ಬಿಟ್ಟು ಮುಖ ತಿರುಗಿಸಿದರು. ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು, “ಇರಲಿ ಬಿಡ್ರಿ, ಶಿವ ಹೆಂಗಿದ್ರೂ ತಗಂತಾನೆ” ಎಂದರು. ಮಣ್ಣಿನಿಂದ ತಿರುಗಿ ಬರುವಾಗ ಹಳ್ಳದ ದಂಡೆಯಲ್ಲಿ ಗುರುಬಸವರಾಜ ಹೆಂಡತಿಯ ಜಡೆ ಹಿಡಿದು ಎಳೆದ. “ಆರೈತೆ ಅಂದೆಯಲ್ಲೇ! ಕಣ್ಣು ಎಲ್ಲಿ ಇಟ್ಟಿದ್ದೆ? ನನ್ನ ತಂಗೀನ ಸುಟ್ಟೆಯಲ್ಲೇ!” ಮುಷ್ಟಿಯಿಂದ ಬಾಯಿಗೇ ಹೊಡೆದ. ಅವಳು ಕೆಳಗೆ ಬಿದ್ದಳು; ಬಿದ್ದವಳ ಹೊಟ್ಟೆಗೆ ಒದ್ದ. “ನಾನು ಹಂಗೆ ಅನ್ನಲಿಲ್ಲ, ದೊಡ್ಡದಾತು ಅಂದೆ, ದೊಡ್ಡದಾಗ್ತಾ ಇತ್ತು ರೀ…” ರಕ್ತದ ಜೊತೆ ಒಂದು ಹಲ್ಲು ಉಗಿದಳು. “ಮತ್ತೆ ಅದೇ ಅಂತಾಳಲ್ಲ! ನಮ್ಮನೇಲಿ ಅದಕ್ಕೇನು ಅರ್ಥ ಅಂತ ಗೊತ್ತಿಲ್ವೇನೇ?” ಎಂದು ಇನ್ನೊಮ್ಮೆ ಒದ್ದ. ಮಾಲಾಳ ಗಂಡ ವಿನಯ್ ಕುಮಾರ್ ಬಂದು ಅವನನ್ನು ಹಿಡಿದುಕೊಂಡ. ವಾಣಿಶ್ರೀ ಕಣ್ಣೆತ್ತಿ ಮಾವನ ಕಡೆ ನೋಡಿದಳು. ಅವರು ಕಾಲು ತೊಳೆಯುತ್ತಿದ್ದರು. ಹಿಮ್ಮಡಿ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು.

ಒಂಬತ್ತನೆಯ ದಿನ ಗೋವಿನಕೋವಿಯಲ್ಲಿ ಶಿವಗಣಾರಾಧನೆ. ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಮಾಲಾಳ ಫೋಟೋ, ಮುಂದೆ ಅವಳನ್ನು ಮಣ್ಣು ಮಾಡಿದ ದಿನದಿಂದ ಉರಿಯುತ್ತಿದ್ದ ಒಂದು ಹಣತೆ. ಬೇರೆ ಬೀದಿಯಲ್ಲಿ ಯಾವುದೋ ಮದುವೆ ಮಾತುಕತೆಗೆ ಪಟಾಕಿ ಹೊಡೆಯುತ್ತಿದ್ದರು. ಒಂದೊಂದು ಸದ್ದಿಗೂ ಮೇಷ್ಟ್ರ ತಲೆಯೊಳಗೆ ಒಂದು ಅಂಕಿ ಸಿಡಿಯುತ್ತಿತ್ತು. ನಲವತ್ತೆರಡು. ನಲವತ್ತಮೂರು. ಮಗಳ ಬಾಯಿಂದ ಬರಬೇಕಿದ್ದ ಐವತ್ತೊಂಬತ್ತು ಅಂಕಿಗಳು ಆ ಸಂಜೆಯಿಂದ ಅವರನ್ನು ಒಳಗಿನಿಂದ ಕೊರೆಯುತ್ತಿದ್ದವು, ನೂರಕ್ಕೆ ಒಂದು ಸಲವೂ ಮುಟ್ಟಿರಲಿಲ್ಲ. ವಾಣಿಶ್ರೀಯನ್ನು ಒಳಗೆ ಬಿಟ್ಟಿರಲಿಲ್ಲ. ಹೊಸಿಲ ಹೊರಗೆ, ಊದಿದ ತುಟಿಗೆ ಸೆರಗು ಹಿಡಿದು, ಅವಳ ಅಪ್ಪ ತಿಪ್ಪೇಶಪ್ಪನ ಪಕ್ಕ ಕೂತಿದ್ದಳು. ಆತ ಬೆಳಿಗ್ಗೆಯೇ ಜಗಳೂರಿನಿಂದ ಬಂದಿದ್ದ, ಮಗಳನ್ನು ಕರೆದುಕೊಂಡು ಹೋಗಿ ಎಂದು ಗುರುಬಸವರಾಜ ಫೋನು ಮಾಡಿದ್ದರಿಂದ. “ಬೀಗರೆ,” ಎಂದು ಆತ ಕೂತಲ್ಲಿಂದಲೇ ಕೈಮುಗಿದ, “ನನ್ನ ಮಗಳಿಂದ ನಿಮ್ಮ ಮನೆ ದೀಪ…” ಎಂದವನು ಮುಂದಿನ ಮಾತು ಯಾವುದನ್ನಬೇಕೋ ತಿಳಿಯದೆ ನಿಲ್ಲಿಸಿದ. ಮಗಳು ಕಲಿಸಿಕೊಟ್ಟಿರಬೇಕು, ಅಲ್ಲಿ ಅದನ್ನು ಅನ್ನಬೇಡ ಎಂದು. ಎರಡೂ ಮಾತಿನ ನಡುವೆ ಸಿಕ್ಕಿಕೊಂಡು ಆ ಮುದುಕನ ಬಾಯಿ ಸುಮ್ಮನೆ ಅಲುಗಾಡುತ್ತಿತ್ತು.

ಅಯ್ಯನವರು ಆಗಷ್ಟೇ ವಿಭೂತಿ ಬಟ್ಟಲು ಎತ್ತಿಕೊಂಡಿದ್ದರು. ಹಿತ್ತಲ ಬಾಗಿಲಿನಿಂದ ಗಾಳಿ ಬಂದು ಹಣತೆಯ ಕುಡಿ ಮಲಗಿತು, ಎದ್ದಿತು, ಹೋಯಿತು. ಹೊಗೆಯ ಒಂದು ಎಳೆ ಮಾಲಾಳ ಫೋಟೋದ ಕೊರಳವರೆಗೆ ಏರಿತು. ಎಲ್ಲರೂ ಕಂಡರು. ನಿರ್ಮಲಮ್ಮ ಕಂಡಳು, ಗುರುಬಸವರಾಜ ಕಂಡ, ಒಬ್ಬರೂ ಬಾಯಿ ಬಿಡಲಿಲ್ಲ. ಹೊಸಿಲ ಆಚೆಯಿಂದ ವಾಣಿಶ್ರೀಯೂ ಕಂಡಳು. ಕಂಡು, ತುಟಿಯ ಮೇಲಿದ್ದ ಸೆರಗನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡಳು. ಬೆಂಕಿ ಹತ್ತಿ ಮನೆಯೇ ಉರಿದರೂ ಇನ್ನು ಅವಳು ಕೂಗುವುದಿಲ್ಲ ಎಂದು ಮೇಷ್ಟ್ರಿಗೆ ಅನ್ನಿಸಿತು.

“ಆರೋತು” ಎಂದರು ಚಿತ್ತಪ್ಪ ಮೇಷ್ಟ್ರು.

ನಿರ್ಮಲಮ್ಮ ಬೆಚ್ಚಿ, “ಏನ್ರೀ ಅದು, ಬಿಡ್ತು ಅನ್ರೀ” ಎಂದಳು.

“ಆರೋತು ಕಣೇ. ಆರಿದ್ದಕ್ಕೆ ಆರೋತು ಅಂದೆ. ಕೇಳಪ್ಪಾ ಗುರುಬಸವರಾಜ. ವಾಣಿಶ್ರೀ ಅವತ್ತು ಆರೈತೆ ಅನ್ನಲಿಲ್ಲ. ಬೆಂಕಿ ದೊಡ್ಡದಾಗಿದ್ದು ಕಂಡು ದೊಡ್ಡದಾತು ಅಂತ ಕೂಗಿದ್ಲು. ದೂರ ಸರೀರಿ ಅಂತ ಕೂಗಿದ್ಲು. ಆ ಮಾತಿನ ಹೊಟ್ಟೇಲಿ ಉಲ್ಟಾ ಅರ್ಥ ತುಂಬಿಟ್ಟೋನು ನಾನು. ಮಾಲಾನ ಕಿವಿಗೆ ಹೊಡೆದು ಕಲಿಸಿದ್ದು ನಾನು. ಎಣಿಸಿದ್ದು ಸಾಕು, ನೀರು ಹಾಕು ಅಂತ ಕಳಿಸಿದ್ದೂ ನಾನೇ. ನೀನು ಕೇಳಿಸ್ಕೊಂಡಿದ್ದೆ. ಕೇಳಿಸ್ಕೊಂಡೂ ಆಕೆಗೆ ಒದ್ದೆ.”

ಗುರುಬಸವರಾಜನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. “ಆ ಕಾಗದ, ಅಪ್ಪಾಜಿ?” ಎಂದ.

“ಸುಳ್ಳು ಬರೆದೆ. ಇವತ್ತೇ ಹೊನ್ನಾಳಿ ಸ್ಟೇಷನ್ನಿಗೆ ಹೋಗಿ ಬೇರೆ ಬರೆದುಕೊಡ್ತೀನಿ.” ಎದ್ದು, ಮೊಣಕಾಲು ಹಿಡಿದುಕೊಂಡು ಹೊಸಿಲವರೆಗೆ ಬಂದರು. ಸೊಸೆಗೆ ಕೈಮುಗಿಯಬೇಕೆಂದು ಬಂದವರಿಗೆ ಕೈ ಎತ್ತಿದರೆ ಅವಳು ಹೊಡೆತವೆಂದು ಬೆದರಿ ತಲೆ ತಗ್ಗಿಸಿದ್ದು ಕಂಡಿತು. ಕೈ ಅಲ್ಲೇ ನಿಂತಿತು.

ವಾಣಿಶ್ರೀ ಸೆರಗು ತೆಗೆದಳು. ಮುಂದಿನ ಹಲ್ಲು ಹೋದ ಜಾಗದಿಂದ ಮಾತು ಗಾಳಿಯಾಗಿ ಬಂತು. “ಹಳ್ಳದ ದಂಡೇಲಿ ಹೇಳಬಹುದಿತ್ತು ಮಾವಾರೆ. ಕಾಲು ತೊಳೀತಿದ್ರಿ.” ಅವರು ಎತ್ತಿದ ಕೈ ಇಳಿಸಿದರು. “ನಡಿಯಪ್ಪ,” ಎಂದು ಅವಳು ತಂದೆಯ ತೋಳು ಹಿಡಿದು ಎದ್ದಳು, “ಇವರು ಕಳಿಸಿದ್ದಕ್ಕಲ್ಲ, ನಾನೇ ಬರ್ತೀನಿ.” ಗುರುಬಸವರಾಜ ಅವಳ ಹಿಂದೆ ಎರಡು ಹೆಜ್ಜೆ ಹೋಗಿ ಅಂಗಳದಲ್ಲೇ ನಿಂತುಬಿಟ್ಟ. ಅವಳು ತಿರುಗಿ ನೋಡಲಿಲ್ಲ. ಓಣಿಯ ತಿರುವಿನವರೆಗೂ ಮೇಷ್ಟ್ರು ಅವಳ ಬೆನ್ನು ನೋಡಿದರು. ಬೆನ್ನು ನೆಟ್ಟಗಿತ್ತು.

ಅಯ್ಯನವರು ಬೆಂಕಿಪೊಟ್ಟಣ ಮುಂದೆ ಹಿಡಿದು, “ಹಚ್ರಿ ಮೇಷ್ಟ್ರೆ, ಪ್ರಾರ್ಥನೆ ಮಾಡೋಣ” ಎಂದರು. ಮೇಷ್ಟ್ರು ಕಡ್ಡಿ ಗೀರಿದರು. ಆ ಪುಟ್ಟ ಉರಿಯನ್ನು ನೋಡುತ್ತ ನೋಡುತ್ತ ಬೆರಳು ಸುಟ್ಟಿತು. ಬಿಡಲಿಲ್ಲ, ತುದಿಯವರೆಗೂ ಹಿಡಿದುಕೊಂಡರು. ಹಣತೆ ಹಚ್ಚದೆಯೇ ಕಡ್ಡಿಯನ್ನು ಕೆಳಗಿಟ್ಟು, ಅಂಗೈಗೆ ಲಿಂಗ ತೆಗೆದುಕೊಂಡು ಕೂತರು. ಬಾಯಿಪಾಠವಾಗಿದ್ದ ಮಂತ್ರ ಒಂದೂ ನಾಲಿಗೆಗೆ ಬರಲಿಲ್ಲ. ಬಂದದ್ದು ಬರಿಯ ಮಾತು, ಹೆಂಡತಿಗೂ ಅಯ್ಯನವರಿಗೂ ಕೇಳುವಷ್ಟು ಜೋರಾಗಿ.

“ಶಿವನೇ, ನನ್ನ ಮಗಳು ಆರಿಹೋದಳು. ಲಿಂಗೈಕ್ಯಳಾದಳು ಅನ್ನೋದಿಲ್ಲ, ದೊಡ್ಡವಳಾದಳು ಅನ್ನೋದಿಲ್ಲ, ಆರಿಹೋದಳು. ಅವಳ ಮೈಯೊಳಗೆ ಉಳಿದ ಮರಳನ್ನು ನೀನೇ ತೆಗೆ. ಸಿಡಿಯುವ ಸದ್ದು ಬಾರದ ಕಡೆ ಅವಳನ್ನಿಡು. ಹೊಡೆದ ಕಿವಿಯ ಮೇಲೆ ಕೈಯಿಡು, ನನ್ನ ಮಾತು ಅಲ್ಲಿಗೂ ಹಿಂಬಾಲಿಸದಿರಲಿ. ಎಣಿಸುವುದನ್ನು ನಡುವೆ ಬಿಟ್ಟು ಎದ್ದಿದ್ದಾಳೆ. ನೂರಾಗುವವರೆಗೆ ನಿನ್ನ ಹತ್ತಿರ ಕೂರಿಸಿಕೋ, ಅವಸರ ಮಾಡಬೇಡ. ಕೂಸು ಬೆಂದು ಬಂದಿದೆ, ತಂದೆ. ತಣ್ಣಗೆ ಇಟ್ಟುಕೋ.”